ಹೊತ್ತು ಮುಳುಗುವ ಮುಂಚೆ ಎರಡು ತಾಟು

ಪಟ್, ಪಟ್, ಪಟಪಟ, ಪಟ್. ನಮ್ಮ ಅಡುಗೆಮನೆಯ ಗೋಡೆಯ ಆಚೆಯಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಅದು. ಗೋಕಾಕದ ಈ ಓಣಿಯಲ್ಲಿ ಎರಡೆರಡು ಮನೆಗೆ ಒಂದೊಂದೇ ಗೋಡೆ. ನಮ್ಮ ಒಲೆ ಈಚೆ, ಬಾಜೂ ಮನೆಯ ಒಲೆ ಆಚೆ. ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಹೊತ್ತಿಗೆ ಅಕ್ಕ ಮೊದಲ ರೊಟ್ಟಿಗೆ ಕೈ ಹಾಕಿರುತ್ತಿದ್ದಳು. ಮನಸ್ಸು ನೆಟ್ಟಗಿದ್ದ ದಿನ ಸದ್ದು ಒಂದೇ ಹದದಲ್ಲಿ ಬರುತ್ತಿತ್ತು. ಮಗನ ಮೇಲೆ ಸಿಟ್ಟಿದ್ದರೆ ಹಿಟ್ಟಿಗೆ ಬೀಳುವ ಏಟೇ ಬೇರೆ. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನಾನು ಬೆಲ್ ಹೊಡೆದಾಗ ಏಳುತ್ತಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ರೊಟ್ಟಿಯೇ ನನ್ನ ಬೆಲ್ ಆಯಿತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಬಾಜೂ ಮನೆಯ ಜೈನರ ಹಿರಿಯಳು, ನನಗಿಂತ ಸ್ವಲ್ಪ ದೊಡ್ಡವಳು. ನಾನು ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನನ್ನು ಆಕೆ ಎಲ್ಲರಂತೆ ಅಕ್ಕೋರ ಎನ್ನುತ್ತಿದ್ದಳು. ಇಷ್ಟು ವರ್ಷ ಒಂದೇ ಗೋಡೆಗೆ ಒರಗಿ ಬದುಕಿದರೂ ನಮ್ಮ ನಡುವೆ ಹೋಗ್ರಿ, ಬರ್ರಿ ಎಂಬ ಮಾತು ಸಡಿಲಾಗಲಿಲ್ಲ. ಅದೊಂದು ಚೆಂದವಾಗಿತ್ತು.

ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನಾನು ಕೈಯೊರೆಸಿಕೊಳ್ಳದೆ ಬೀದಿ ಬಾಗಿಲಿನಿಂದ ಸುತ್ತಿ ಅವರ ಮನೆಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು, ಎರಡೂ ಕೈ ಮಡಿಲಲ್ಲಿ. ಆ ಹೊತ್ತಿನಲ್ಲಿ ಆಕೆಯ ಕೈ ಖಾಲಿಯಿದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸೊಸೆ ಒಳಗಿನಿಂದ ನಗುತ್ತ ಬಂದಳು. "ಅತ್ತಿಯವರ ಮಣಿಕಟ್ಟು ಬಾಳ ನೋಯಾಕತ್ತಾವ್ರಿ ಅಕ್ಕೋರ. ಇನ್ನ ಮ್ಯಾಲ ರೊಟ್ಟಿ ಹೊರಗಿಂದ ತರಸ್ತೇವ್ರಿ. ಅಂಕಲಗಿಯಾಕಿ ಒಬ್ಬಾಕಿ ಬಡದು ಮನಿಗೇ ಮುಟ್ಟಸ್ತಾಳ. ಅವರು ಆರಾಮ ಕುಂಡ್ರಲ್ರಿ."

"ನನಗೂ ಪೆನ್ಶನ್ ಆತ್ರಿ, ನಿಮ್ಮಂಗ" ಎಂದಳು ಅಕ್ಕ. "ನಿಮಗ ಹಾರ ಹಾಕಿ ಕಳಿಸಿದ್ರು. ನನಗ ಕುರ್ಚಿ ಕೊಟ್ಟಾರ."

ಸೊಸೆ ನಕ್ಕಳು, ನಾನೂ ನಕ್ಕೆ. ಆ ಹುಡುಗಿಯಲ್ಲಿ ಎಳ್ಳಷ್ಟೂ ಕೆಟ್ಟ ಮನಸ್ಸಿರಲಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಮೊಮ್ಮಕ್ಕಳು ಓದುತ್ತಿದ್ದರು. ಮನೆಯಲ್ಲಿ ಯಾವತ್ತೂ ಮಂದಿ. ಟಿವಿ, ಮೊಬೈಲು, ಗಿರಾಕಿಗಳ ಮಾತು, ಪಾತ್ರೆಯ ಸದ್ದು. ಅಕ್ಕನನ್ನು ನೋಡಿ ಒಂಟಿ ಮುದುಕಿ ಎಂದು ಯಾರೂ ಅನ್ನುವಂತಿರಲಿಲ್ಲ.

ಅದರ ಹಿಂದಿನ ಬೇಸಿಗೆಯಲ್ಲಷ್ಟೇ ನಮ್ಮ ಮೂರನೆಯ ಗೆಳತಿ ತೀರಿಹೋಗಿದ್ದಳು. ಎದುರು ಮನೆಯಾಕೆ. ತವರು ಮಮದಾಪುರವಾದ್ದರಿಂದ ನಾವಿಬ್ಬರೂ ಮಮದಾಪುರದಾಕಿ ಎಂದೇ ಕರೆಯುತ್ತಿದ್ದೆವು. ಮಧ್ಯಾಹ್ನ ಮೂವರೂ ಅಕ್ಕನ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಸಂಜೆ ನನಗೆ ಟ್ಯೂಶನ್ ಮಕ್ಕಳು ಬರುತ್ತಿದ್ದರು, ನಾನು ಎದ್ದುಬಿಡುತ್ತಿದ್ದೆ; ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಮಗಳು ಮನೆ ಮುಟ್ಟುತ್ತಿದ್ದದ್ದು ಕತ್ತಲಾದ ಮೇಲೆ. ಮಮದಾಪುರದಾಕಿ ಮಾತ್ರ ದೀಪ ಹಚ್ಚುವವರೆಗೂ ಕದಲುತ್ತಿರಲಿಲ್ಲ. ಬಾಯಿ ಬಹಳ. ಅವಳು ಹೋದ ಮೇಲೆ ಕಟ್ಟೆಯ ಮೇಲೆ ನಾವಿಬ್ಬರು ಕುಳಿತರೂ ನಡುವೆ ಅವಳಷ್ಟು ಜಾಗ ಬಿಟ್ಟೇ ಕುಳಿತುಕೊಳ್ಳುತ್ತಿದ್ದೆವು.

ಮಳೆಗಾಲ ಬಂತು. ಜೈನರಿಗೆ ಅದು ಚಾತುರ್ಮಾಸ, ನೇಮಗಳ ಕಾಲ. ಅಕ್ಕ ಪ್ರತಿ ವರ್ಷ ಏನಾದರೊಂದು ಬಿಡುತ್ತಿದ್ದಳು, ಕಾರ್ತಿಕ ಮುಗಿದ ಮೇಲೆ ಮತ್ತೆ ಹಿಡಿಯುತ್ತಿದ್ದಳು. ಆ ವರ್ಷ ಮೊದಲು ಬೆಲ್ಲ ಬಿಟ್ಟಳು. ಆಮೇಲೆ ಹಾಲು. ಆಮೇಲೆ ತುಪ್ಪ. ದೀಪಾವಳಿ ಹೋಯಿತು, ಚಳಿ ಬಿತ್ತು, ಬಿಟ್ಟದ್ದು ಯಾವುದೂ ತಿರುಗಿ ಬರಲಿಲ್ಲ. ಸಂಜೆಯ ಊಟವೂ ಹೋಯಿತು. ಹಗಲು ಒಮ್ಮೆ ಒಂದಿಷ್ಟು ಅನ್ನ, ತಿಳಿಸಾರು, ಅಷ್ಟೇ.

"ನಿಯಮ ಐತ್ರಿ" ಎನ್ನುತ್ತಿದ್ದಳು.

ಆ ಮಾತು ಬಂದರೆ ಮುಂದೆ ಯಾರೂ ಮಾತಾಡುವಂತಿಲ್ಲ. ನೇಮ ಹಿಡಿದವರಿಗೆ ತಿನ್ನಿರಿ ಎಂದು ಒತ್ತಾಯ ಮಾಡುವುದು ಪಾಪ. ಓಣಿಯ ಹೆಂಗಸರು ಬಸದಿಗೆ ಹೋಗುವಾಗ ಆಕೆಯ ಕಾಲು ಮುಟ್ಟಿ ಹೋಗತೊಡಗಿದರು. ಮೊಮ್ಮಗಳು ಪರೀಕ್ಷೆಯ ದಿನ ಅಜ್ಜಿಯ ಪಾದಕ್ಕೆ ಹಣೆ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು ಆ ಪಾದವನ್ನಲ್ಲ, ಕೈಯನ್ನು ನೋಡುತ್ತಿದ್ದೆ. ಬಂಗಾರದ ಪಾಟಲಿ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕುಪ್ಪಸದ ತೋಳಿಗೆ ಆಕೆಯೇ ಒಳಗಿನಿಂದ ಹೊಲಿಗೆ ಹಾಕಿಕೊಂಡಿದ್ದಳು.

ನನ್ನ ಮನಸ್ಸಿನಲ್ಲಿ ಒಂದು ಪದ ಬಂದು ಕುಳಿತಿತ್ತು, ಬಾಯಿಗೆ ತರಲು ಆಗುತ್ತಿರಲಿಲ್ಲ. ಸಲ್ಲೇಖನ. ಬದುಕು ತುಂಬಿತು ಎನಿಸಿದವರು ಅನ್ನನೀರನ್ನು ಮೆಲ್ಲಮೆಲ್ಲಗೆ ಬಿಟ್ಟು, ಸಮಾಧಾನದಿಂದ ದೇಹ ಬಿಡುವ ವ್ರತ ಅದು. ಅವರಲ್ಲಿ ಅದಕ್ಕೆ ದೊಡ್ಡ ಗೌರವ. ಅದರ ಬಗ್ಗೆ ಮಾತಾಡಲು ನಾನು ಯಾರು? ಹುಟ್ಟಿದ್ದು ಮೂಡಲಗಿಯ ಒಕ್ಕಲುತನದ ಮನೆಯಲ್ಲಿ, ಕಲಿತದ್ದು ಸಿಸ್ಟರುಗಳ ಕೈಯಲ್ಲಿ. ಆದರೆ ಭಯಕ್ಕೆ ಧರ್ಮ ಗೊತ್ತಿರುವುದಿಲ್ಲ. ದಿನಾ ಬೆಳಿಗ್ಗೆ ಎದ್ದು ಚಹಾದ ನೀರಿಟ್ಟು, ಆ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಏನೂ ಇಲ್ಲ. ಒಮ್ಮೆ ಕೆಮ್ಮು ಕೇಳಿದರೆ ಸಾಕು, ಅಂದಿನ ಮಟ್ಟಿಗೆ ಉಸಿರು ಬಂತು ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಧೈರ್ಯ ಮಾಡಿ ಕೇಳಿದೆ. "ಅಕ್ಕಾ, ಯಾವ ಮಹಾರಾಜರ ಮುಂದ ನಿಯಮ ತಗೊಂಡೀರಿ?" ಮಹಾರಾಜರು ಅಂದರೆ ಅವರ ಮುನಿಗಳು.

ಆಕೆ ಬೀದಿಯ ಕಡೆ ನೋಡಿದಳು. "ಮನಸ್ಸಿನಾಗ ತಗೊಂಡೇನಿ."

"ದೊಡ್ಡ ನಿಯಮ ಏನಾರ..."

"ಏನ ದೊಡ್ಡದು?" ನನ್ನ ಮುಖ ನೋಡಿದೊಡನೆ ಆಕೆಗೆ ತಿಳಿಯಿತು. "ಅಯ್ಯ, ಅದಲ್ರಿ. ಅದಕ್ಕ ಗುರುಗಳ ಅಪ್ಪಣಿ ಬೇಕು, ಮನಿಯವರ ಒಪ್ಪಿಗಿ ಬೇಕು, ಗಟ್ಟಿ ಮನಸ್ಸು ಬೇಕು. ನನಗ ಎಲ್ಲೈತ್ರಿ ಅಷ್ಟ ಯೋಗ್ಯತಾ? ನಿನ್ನಿ ಸೊಸಿ ನನ್ನ ಸ್ಟೀಲಿನ ಡಬ್ಬಿ ಒಗದ್ಲಂತ ರಾತ್ರಿ ಹನ್ನೊಂದರ ತನಕ ಮಾರಿ ಉಬ್ಬಿಸಿಕೊಂಡಿದ್ದೆ."

"ಮತ್ತ್ಯಾಕ ಉಣ್ಣವಲ್ರಿ?"

"ನಿಮಗ ರಿಟೈರ್ ಆದ್ರೂ ಪ್ರಶ್ನಿ ಕೇಳೂದು ಬಿಟ್ಟಿಲ್ಲ ನೋಡ್ರಿ" ಎಂದು ಸೆರಗು ಹೊದ್ದು ಎದ್ದಳು. ಏಳುವಾಗ ಕಂಬ ಹಿಡಿದುಕೊಂಡಳು.

ಸೊಸೆಯನ್ನು ಕೇಳಿದೆ. ಅವಳ ಕಣ್ಣಲ್ಲೂ ಹೆದರಿಕೆಯಿತ್ತು. "ನಾ ಏನ ಹೇಳ್ಲಿರಿ? ಸಂಜಿಕ ಐದೂವರಿಗೆ ತಾಟ ಬಡಿಸಿ, ಮ್ಯಾಲೊಂದ ತಾಟ ಮುಚ್ಚಿಟ್ಟು ಅಂಗಡಿಗೆ ಹೋಗ್ತಿದ್ನಿರಿ. ಮೊದಲ ಅರ್ಧ ಉಣ್ತಿದ್ರು. ಆಮ್ಯಾಲ ಹಂಗ ಇರ್ತಿತ್ತು. ಕೇಳಿದ್ರ ನಿಯಮ ಅಂದ್ರು. ನಿಯಮಕ್ಕ ಅಡ್ಡ ಬಂದ ಪಾಪ ನನಗ ಬ್ಯಾಡ್ರಿ." ಓಣಿಯ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ರೋಗ ಏನೂ ಇಲ್ಲ, ತಿನ್ನಾಕ ಹಚ್ಚರಿ ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಸಿಹಿ ಇತ್ತು. ಸಿಹಿ ಬಿಟ್ಟಾಗಿತ್ತು. ಬಾಟಲಿ ಕಿಟಕಿಯಲ್ಲೇ ಉಳಿಯಿತು.

ಆ ದಿನಗಳಲ್ಲಿ ನಾನು ಪೇಪರಿನ ಹೆಲ್ತ್ ಪೇಜು ಬಿಡದೆ ಓದುತ್ತಿದ್ದೆ. ವಯಸ್ಸಾದವರಿಗೆ ಗೆಳೆತನ ಬೇಕು, ಮಾತುಕತೆ ಇದ್ದವರು ಹೆಚ್ಚು ದಿನ ಚೆನ್ನಾಗಿರುತ್ತಾರೆ ಎಂದು ಅದರಲ್ಲಿ ಆಗಾಗ ಬರುತ್ತಿತ್ತು. ಓದಿದಾಗೆಲ್ಲ ನನಗೆ ಅವ್ವ ನೆನಪಾಗುತ್ತಿದ್ದಳು. ಮೂಡಲಗಿಯಲ್ಲಿ ಅವಳು ಬಹಳ ವರ್ಷ ಬದುಕಿದಳು. ಗುಳಿಗೆ ಅಂದರೇನೆಂದು ಅರಿಯಳು. ಮಧ್ಯಾಹ್ನವಾದರೆ ಓಣಿಯ ಹೆಂಗಸರು ಮೊರ ಹಿಡಿದು ನಮ್ಮ ಅಂಗಳಕ್ಕೆ ಬರುತ್ತಿದ್ದರು, ಜೋಳ ಹಸನು ಮಾಡುತ್ತ ಊರನ್ನೆಲ್ಲ ಕೇರಿಬಿಡುತ್ತಿದ್ದರು. ಕಣ್ಣು ಮಂಜಾದ ಮೇಲೂ ಅವ್ವನ ಕೈಗೆ ಒಂದು ಮೊರ ಕೊಡುತ್ತಿದ್ದರು. ಅವಳು ಬಿಟ್ಟ ಹರಳನ್ನು ಯಾರಾದರೂ ಆಮೇಲೆ ಆರಿಸಿಕೊಳ್ಳುತ್ತಿದ್ದರು, ಹೇಳುತ್ತಿರಲಿಲ್ಲ. ಪೇಪರಿನವರು ಇದನ್ನೆಲ್ಲ ಬಹಳ ಇಂಪಾರ್ಟಂಟ್ ಸಂಗತಿಯಂತೆ ಬರೆದಿದ್ದರು. ಆದರೆ ಅಕ್ಕನಿಗೆ ಗೆಳತಿಯೂ ಇದ್ದಳು, ತುಂಬಿದ ಮನೆಯೂ ಇತ್ತು. ಹಾಗಿದ್ದರೆ ಏನು ಕಡಿಮೆಯಾಗಿತ್ತು? ಅದು ನನಗೆ ತಿಳಿಯುತ್ತಿರಲಿಲ್ಲ.

ಅಕ್ಕನ ಮಗಳನ್ನು ಹುಕ್ಕೇರಿಗೆ ಕೊಟ್ಟಿತ್ತು. ಶಾಲೆಯಲ್ಲಿ ನನ್ನ ಸ್ಟೂಡೆಂಟ್. ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಬಸ್ಸು ಹತ್ತಿದೆ. ಸುಳ್ಳೇನಲ್ಲ. ಘಟಪ್ರಭಾ ದಾಟುವವರೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದೆ. ದಾಟಿದ ಮೇಲೆ ಅದನ್ನೆಲ್ಲ ಬಿಚ್ಚಿದೆ. ಮಗಳು ಗಾಬರಿಯಾಗಿ ಅಣ್ಣನ ಮನೆಗೆ ಜಗಳಕ್ಕೆ ಹೋದರೆ? ಅತ್ತಿಗೆಯ ಮೇಲೆ ಮಾತು ಬಂದರೆ? ನನ್ನಿಂದ ಒಂದು ಮನೆ ಒಡೆಯುವುದು ಬೇಡ. ಕಿಟಕಿಯಾಚೆ ಕಬ್ಬಿನ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ಬಸ್ಸು ನಿಂತಾಗಲೆಲ್ಲ ಇಳಿದು ವಾಪಸು ಹೋಗಿಬಿಡಲೇ ಎನಿಸುತ್ತಿತ್ತು.

ಮಗಳು ಬಾಗಿಲಲ್ಲೇ "ಗುಡ್ ಆಫ್ಟರ್ನೂನ್ ಮಿಸ್" ಎಂದು ಹಳೆಯ ರಾಗದಲ್ಲಿ ನಕ್ಕಳು. ಚಹಾ ಕುಡಿಯುತ್ತ, ಆದಷ್ಟು ಸಣ್ಣ ದನಿಯಲ್ಲಿ, ತಾಯಿಯ ನೇಮಗಳನ್ನು ಹೇಳಿದೆ. ಬೆಲ್ಲ, ಹಾಲು, ತುಪ್ಪ, ಸಂಜೆಯ ಊಟ.

ಅವಳಿಗೆ ಅರ್ಥವೇ ಆಗಲಿಲ್ಲ. "ಬೆಲ್ಲ ಬಿಟ್ಟಾಳ? ಅವ್ವ? ಮೊನ್ನಿ ಅಮಾಸಿಗೆ ಇಲ್ಲೇ ನಾಲ್ಕ ದಿನ ಇದ್ಲಲ್ರಿ ಮಿಸ್. ಶೇಂಗಾ ಹೋಳಿಗಿ ಮಾಡಿದ್ನಿ. ಎರಡ ತಿಂದು, ತುಪ್ಪ ಕಡಿಮಿ ಹಾಕೀದಿ ಅಂತ ಬೈದ್ಲು."

"ಸಂಜಿಕ?"

"ಸಂಜಿಕ ನಮ್ಮತ್ತಿ ಕೂಡ ಕುಂತು ಉಂಡಾಳ್ರಿ, ದಿನಾ."

ಅತ್ತೆ ಅಲ್ಲೇ ಮಂಚದ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕಿವಿ ಸ್ವಲ್ಪ ಮಂದ. ಮಗಳು ಬಗ್ಗಿ ಕೂಗಿ ಕೇಳಿದಳು. ಆ ಹಿರಿಯಾಕೆ ಸಿಪ್ಪೆ ಕೊಡವಿಕೊಂಡು ಹೇಳಿದರು: "ನಿಮ್ಮ ಅವ್ವನ ಬುದ್ಧಿ ಚೊಲೊ ಐತಿ. ನಾ ತಾಟಿನ ಮುಂದ ಕುಂಡ್ರೂತನ ಆಕಿ ತುತ್ತು ಮುಟ್ಟೂದಿಲ್ಲ. ಒಂದ ದಿನ ನನಗ ಜ್ವರ ಬಂದಿತ್ತು, ಮಲಗಿದ್ನಿ. ಅವತ್ತ ಆಕಿನೂ ಉಣ್ಣಲಿಲ್ಲ. ನಿಯಮ ಅಂದ್ಲು."

ನಾನು ಕಪ್ಪು ಕೆಳಗಿಟ್ಟೆ. ಗೋಕಾಕದ ಆ ಅಡುಗೆಮನೆ ಕಣ್ಣ ಮುಂದೆ ಬಂತು. ಮೂಲೆಯಲ್ಲಿ ತಾಟಿನ ಮೇಲೆ ಮುಚ್ಚಿದ ತಾಟು. ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನರ ಕಟ್ಟನ್ನು ಇನ್ನೂ ಹಿಡಿದವಳು ಆಕೆಯೊಬ್ಬಳೇ. ಉಳಿದವರು ಅಂಗಡಿ ಮುಚ್ಚಿ, ಓದು ಮುಗಿಸಿ, ರಾತ್ರಿ ಒಟ್ಟಿಗೆ ನಗುತ್ತ ಉಣ್ಣುತ್ತಿದ್ದರು. ಮಮದಾಪುರದಾಕಿ ದೀಪ ಹಚ್ಚುವವರೆಗೆ ಕದಲದೆ ಕುಳಿತಿರುತ್ತಿದ್ದಳಲ್ಲ, ಅವಳು ಕುಳಿತದ್ದು ಆ ತಾಟಿನ ಮುಂದೆ. ಅವಳು ಹೋದಳು, ಊಟವೂ ಹೋಯಿತು.

ನಮ್ಮ ಬೋರ್ಡಿಂಗಿನ ರೆಫೆಕ್ಟರಿಯಲ್ಲಿ, ಅಂದರೆ ಊಟದ ಕೋಣೆಯಲ್ಲಿ, ಉದ್ದನೆಯ ಟೇಬಲ್ಲುಗಳಿದ್ದವು. ಕಿಟಕಿಯ ಹತ್ತಿರ ಒಂದು ಚಿಕ್ಕ ಟೇಬಲ್, ಅದರ ಮುಂದೆ ಒಂದೇ ಸ್ಟೂಲ್. ತಪ್ಪು ಮಾಡಿದ ಹುಡುಗಿ ಅಲ್ಲಿ ಕುಳಿತು ಒಬ್ಬಳೇ ಉಣ್ಣಬೇಕು. ಹೊಡೆತವಿಲ್ಲ, ಬೈಗುಳವಿಲ್ಲ. ಎಲ್ಲರಿಗೂ ಬಡಿಸಿದ್ದನ್ನೇ ಅವಳಿಗೂ ಬಡಿಸುತ್ತಿದ್ದರು. ಒಮ್ಮೆ ನಾನು ಅಲ್ಲಿ ಕುಳಿತಿದ್ದೆ. ಅನ್ನ ಬಾಯಲ್ಲಿ ಸುತ್ತುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಮುಚ್ಚಿಟ್ಟ ತಾಟಿನ ಸಂಗತಿ ಹೇಳಿದ್ದೇ ತಡ, ಮಗಳು ಅತ್ತಿಗೆಯ ಮೇಲೆ ಸಿಟ್ಟಾಗಿ ಎದ್ದು ಸೀರೆ ಬದಲಿಸಲು ಹೊರಟಳು. "ನಾ ಈಗ ಬರ್ತೇನ್ರಿ ಮಿಸ್. ನಮ್ಮ ವೈನಿನ ಕೇಳ್ತೇನಿ, ಅವ್ವಗ ಒಬ್ಬಾಕಿಗೆ ತಾಟ ಮುಚ್ಚಿಟ್ಟು ಹೋಗ್ತಾರಂದ್ರ."

"ಕುಂಡ್ರು" ಎಂದೆ. ಟೀಚರ್ ದನಿ ತಾನಾಗಿಯೇ ಬಂತು. "ನಿಮ್ಮ ವೈನಿ ತಪ್ಪ ಇಲ್ಲ. ಇಡೀ ಓಣಿ ನಿಮ್ಮ ಅವ್ವನ ಕಾಲ ಮುಟ್ಟಾಕತ್ತೈತಿ. ಈಗ ನೀ ಹೋಗಿ, ನಿಯಮಾನೂ ಇಲ್ಲ ಏನೂ ಇಲ್ಲ, ಬರೇ ಬ್ಯಾಸರ ಅಂತ ಎಲ್ಲಾರ ಮುಂದ ಅಂದ್ರ ಆಕಿ ಮಾರಿ ಎಲ್ಲಿ ಇಡಬೇಕು? ಆಮ್ಯಾಲ ಖರೆನ ಉಣ್ಣೂದಿಲ್ಲ."

ಅವಳು ಕುಳಿತಳು. ಕಣ್ಣೊರೆಸಿಕೊಂಡಳು. "ಹಂಗಾರ ಏನ ಮಾಡ್ತೀರಿ?"

ತಿರುಗಿ ಬರುವ ಬಸ್ಸಿನಲ್ಲಿ ಅದೊಂದೇ ಯೋಚನೆ. ನನಗೆ ಒಬ್ಬಳೇ ಉಣ್ಣಲು ಆಗುವುದಿಲ್ಲ ಎಂದು ಈ ವಯಸ್ಸಿನಲ್ಲಿ ಯಾರ ಮುಂದೆ ಹೇಳಬೇಕು? ಮಗುವಿನಂತೆ ಕಾಣುತ್ತದೆ. ನಿಯಮ ಎಂದರೆ ಮಾನವಿದೆ. ಆಕೆ ಆ ಮಾನದ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಾಳೆ, ಹೊರಗಿನಿಂದ ಬಾಗಿಲು ಬಡಿದರೆ ತೆಗೆಯುವವಳಲ್ಲ.

ಮರುದಿನ ಸಂಜೆ ಟ್ಯೂಶನ್ ಮಕ್ಕಳಿಗೆ ಇನ್ನು ಮೇಲೆ ಬೆಳಿಗ್ಗೆ ಬನ್ನಿ ಎಂದೆ. ಅನ್ನ, ಬೇಳೆ, ಹೀರೆಕಾಯಿ ಪಲ್ಯ ಮಾಡಿ, ಜೈನರು ತಿನ್ನದ ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕದೆ, ತಾಟಿನಲ್ಲಿ ಬಡಿಸಿಕೊಂಡು, ಮೇಲೆ ಸೆರಗು ಹಿಡಿದು ಬಾಜೂ ಮನೆಗೆ ನಡೆದೆ. ಸೊಸೆ ಅಂಗಡಿಗೆ ಹೊರಡುತ್ತಿದ್ದಳು, ನೋಡಿ ನಿಂತಳು. ಅಕ್ಕ ಒಳಗೆ ಜಪಮಣಿ ಹಿಡಿದು ಕುಳಿತಿದ್ದಳು.

"ಇದೇನ್ರಿ ಅಕ್ಕೋರ, ತಾಟ ಹಿಡಕೊಂಡು ಊರ ಹೊಕ್ಕೀರಿ?"

"ನಾನೂ ಒಂದ ನಿಯಮ ತಗೊಂಡೇನ್ರಿ."

"ನೀವ?" ಜಪಮಣಿ ನಿಂತಿತು. "ಯಾವ ಮಹಾರಾಜರು ಕೊಟ್ರು ನಿಮಗ?"

"ಮನಸ್ಸಿನಾಗ ತಗೊಂಡೇನಿ."

ಆಕೆ ನನ್ನನ್ನು ನೋಡಿದಳು. ಹುಕ್ಕೇರಿಯ ಸುದ್ದಿ ಆ ನೋಟಕ್ಕೆ ಸಿಕ್ಕಿತೆಂದು ನನಗನ್ನಿಸಿತು. ಎದ್ದು ಹೋಗಿಬಿಡುತ್ತಾಳೆ, ಇನ್ನು ಕಟ್ಟೆಗೂ ಬರುವುದಿಲ್ಲ ಎಂದುಕೊಂಡೆ.

"ಏನ ನಿಯಮ ಅದು?" ಎಂದಳು ಕೊನೆಗೆ.

"ಹೊತ್ತು ಮುಳಗೂದ್ರಾಗ ಉಣ್ಣೂದು. ಒಬ್ಬಾಕಿನ ಕುಂತು ಉಣ್ಣೂದಿಲ್ಲ. ಬಾಜೂ ಕುಂತಾಕಿ ಎಷ್ಟ ಉಣ್ತಾಳೋ ನಾನೂ ಅಷ್ಟ."

"ನಿಮ್ಮ ಮಗಳ ಕೂಡ ಉಣ್ರಿ."

"ಆಕಿ ಬ್ಯಾಂಕಿನಿಂದ ಬರೂದು ದೀಪ ಹಚ್ಚಿದ ಮ್ಯಾಲ. ಈ ಓಣಿಯಾಗ ಹೊತ್ತಿದ್ದಾಗ ಉಣ್ಣಾಕಿ ನೀವೊಬ್ಬರ ಅದೀರಿ. ಒಬ್ಬರ ನಿಯಮ ನಡಸಾಕ ಇನ್ನೊಬ್ಬರು ಆಸರಾದ್ರ ಪುಣ್ಯ ಅಂತ ಹಿಂದೊಮ್ಮೆ ನೀವ ಹೇಳಿದ್ರಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ಚಪ್ಪಲಿ ಕಳಚಿ ಒಳಗೆ ಬಂದಳು, ಇನ್ನೊಂದು ತಾಟು ತೊಳೆದು ಬಡಿಸಿ ಅಕ್ಕನ ಮುಂದಿಟ್ಟಳು, ಹಾಗೆಯೇ ಅಂಗಡಿಗೆ ಹೋದಳು. ಮೇಲೆ ಮುಚ್ಚಲಿಲ್ಲ.

ಅಕ್ಕ ಎರಡು ತುತ್ತು ಉಂಡಳು. ನಾನೂ ಎರಡು ಉಂಡೆ. ಆಕೆ ಕೈ ತೆಗೆದಳು. ನಾನೂ ತೆಗೆದೆ.

"ಉಣ್ರಿ" ಎಂದಳು.

"ನಿಯಮ ಐತ್ರಿ" ಎಂದೆ.

ನನಗೆ ಶುಗರ್ ಇದೆ. ಮನೆಯಿಂದ ಹೊರಡುವ ಮುಂಚೆ ಎಂದಿನಂತೆ ಗುಳಿಗೆ ನುಂಗಿದ್ದೆ. ಅದನ್ನು ನುಂಗಿ ಉಣ್ಣದೆ ಇರಬಾರದೆಂದು ಡಾಕ್ಟರು ಎಷ್ಟು ಸಲ ಹೇಳಿದ್ದರೋ. ಈಗ ಯೋಚಿಸಿದರೆ ಮೂರ್ಖತನ. ಆದರೆ ಆ ಹೊತ್ತಿಗೆ ನಾನು ಹಟ ಹಿಡಿದ ಹುಡುಗಿಯಾಗಿದ್ದೆ. ಇಬ್ಬರೂ ತಾಟಿನ ಮುಂದೆ ಸುಮ್ಮನೆ ಕುಳಿತೆವು. ಕಿಟಕಿಯ ಬೆಳಕು ಗೋಡೆಯ ಮೇಲೆ ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಕುತ್ತಿಗೆಯಲ್ಲಿ ಬೆವರು ಬಂತು. ಬೆರಳು ನಡುಗತೊಡಗಿದವು, ಬಚ್ಚಿಡಲು ಮಡಿಲಿಗೆ ತೆಗೆದುಕೊಂಡೆ. ತಾಟಿನ ಅಂಚು ಎರಡೆರಡಾಗಿ ಕಂಡಿತು.

ಅಕ್ಕ ಎದ್ದದ್ದು ಕಾಣಲಿಲ್ಲ, ಡಬ್ಬಿಯ ಮುಚ್ಚಳ ಬಿದ್ದ ಸದ್ದು ಕೇಳಿತು. ಬೆಲ್ಲದ ಹೆಂಟೆಯನ್ನು ಒಲೆಯ ಕಟ್ಟೆಗೆ ಕುಟ್ಟಿ ಒಡೆದು, ಒಂದು ತುಂಡು ನನ್ನ ತುಟಿಗೆ ಹಿಡಿದಳು. ನಾನು ಬಾಯಿ ತೆರೆಯಲಿಲ್ಲ. ಆಕೆಯನ್ನೇ ನೋಡಿದೆ.

"ಹುಚ್ಚಿ, ಬಾಯಿ ತಗಿ" ಎಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತಿಗೆ ರಿ ಇರಲಿಲ್ಲ. "ತಗಿ ಅಂದ್ನಿ."

ನಾನು ತೆರೆಯಲಿಲ್ಲ. ಆಮೇಲೆ ಕೈಯಲ್ಲಿ ಉಳಿದಿದ್ದ ಇನ್ನೊಂದು ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡಳು. ಆಗ ನಾನು ಬಾಯಿ ತೆರೆದೆ. ಇಬ್ಬರೂ ಬೆಲ್ಲ ಚೀಪುತ್ತ, ಮುಖ ನೋಡಿಕೊಳ್ಳದೆ ಕುಳಿತೆವು. ಆಕೆ ಮತ್ತೆ ತನ್ನ ತಾಟು ಎಳೆದುಕೊಂಡು ಉಂಡಳು. ಪೂರ್ತಿ ಅಲ್ಲ. ನಾನೂ ಅಷ್ಟೇ ಉಂಡು, ಎದ್ದು ನಿಲ್ಲುವ ಶಕ್ತಿ ಬರುವಷ್ಟು.

ಬೆಲ್ಲದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಹುಕ್ಕೇರಿಯ ಮಾತನ್ನೂ.

ಅಂದಿನಿಂದ ದಿನಾ ಹೋಗುತ್ತಿದ್ದೆ. ಓಣಿಯವರಿಗೆ ಅಕ್ಕೋರು ಜೈನರ ನೇಮ ಹಿಡಿದಿದ್ದಾರೆಂಬ ಸುದ್ದಿಯಾಯಿತು. ಒಬ್ಬಳಂತೂ ನನ್ನ ಕಾಲೂ ಮುಟ್ಟಿದಳು. ಅಕ್ಕ ಒಳಗೆ ಬಂದು ನಕ್ಕದ್ದು ಅಷ್ಟಿಷ್ಟಲ್ಲ. "ಉಳ್ಳಾಗಡ್ಡಿ ಬಿಟ್ಟ ಮಾರಿ ನೋಡ್ರಿ. ಇನ್ನೊಂದ ವಾರಕ್ಕ ಬಿಳೀ ಸೀರಿ ಉಟ್ಟು ನಮ್ಮ ಬಸದ್ಯಾಗ ಕುಂಡ್ರತೀರಿ. ನಿಮ್ಮ ಸಿಸ್ಟರ್ ಮಂದಿ ಕೇಳಿದ್ರ ಏನಂತಾರ?"

"ಟೇಬಲ್ ಮ್ಯಾನರ್ಸ್ ಚೊಲೊ ಅದಾವ ಅಂತಾರ. ನೀವು ಸಾರ ಸೊರ್ ಅಂತ ಸುರಿಯೂದು ಕಡಿಮಿ ಮಾಡ್ರಿ."

"ಸುರದ್ರ ರುಚಿ. ಕಾನ್ವೆಂಟಿನಾಗ ಅದನ್ನ ಕಲಿಸಲಿಲ್ಲೇನ್ರಿ?"

ಆದರೂ ನನ್ನ ದಿಗಿಲು ಹೋಗಲಿಲ್ಲ. ಆಕೆ ಒಂದು ದಿನ ಕಡಿಮೆ ಉಂಡರೆ ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದೆ. ನನಗೆ ನೆಗಡಿಯಾದರೂ ಹೋಗುತ್ತಿದ್ದೆ, ಮಳೆ ಬಂದರೆ ತಾಟಿನ ಮೇಲೆ ಛತ್ರಿ ಹಿಡಿದು ಹೋಗುತ್ತಿದ್ದೆ. ನನಗೇ ಏನಾದರೂ ಆದರೆ ಈಕೆಯ ಊಟ? ಆ ಚಿಂತೆಯಿಂದ ನನ್ನ ಗುಳಿಗೆಗಳನ್ನು ನಾನು ಹಿಂದೆಂದೂ ಇಲ್ಲದಷ್ಟು ಶಿಸ್ತಿನಿಂದ ನುಂಗತೊಡಗಿದೆ, ಬೆಳಿಗ್ಗೆ ನದಿಯ ಕಡೆಗೆ ವಾಕಿಂಗ್ ಹೋಗತೊಡಗಿದೆ. ನನ್ನ ಶುಗರ್ ರಿಪೋರ್ಟ್ ನೋಡಿ ಡಾಕ್ಟರು ಏನು ಮಾಡೀರಿ ಎಂದು ಕೇಳಿದರು.

ಒಂದು ಸಂಜೆ ಅಕ್ಕ ಅಂಕಲಗಿಯ ರೊಟ್ಟಿಯನ್ನು ಮುರಿದು ನೋಡಿ ತಾಟಿನ ಅಂಚಿಗೆ ಸರಿಸಿದಳು. "ಇದ ರೊಟ್ಟಿ ಅಲ್ರಿ, ರಟ್ಟು. ಹಲ್ಲ ಇದ್ದಾವರು ತಿನ್ನಲಿ." ಎದ್ದು ಡಬ್ಬಿಯಿಂದ ಜೋಳದ ಹಿಟ್ಟು ತೆಗೆದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಎರಡೇ ರೊಟ್ಟಿ ಬಡಿದಳು, ಸಣ್ಣವು. ಪಟ್, ಪಟ್. ನಡುವೆ ನಿಂತು ಕೈ ಕೊಡವಿಕೊಳ್ಳುತ್ತಿದ್ದಳು. ನಾನು ನಮ್ಮ ಗೋಡೆಯ ಈಚೆಯಲ್ಲ, ಆಕೆಯ ಒಲೆಯ ಬಾಜೂ ಕುಳಿತು ಆ ಸದ್ದು ಕೇಳಿದ್ದು ಅದೇ ಮೊದಲು. ಸೊಸೆ ಬೇಡ ಎನ್ನಲು ಬಾಯಿ ತೆರೆದವಳು ನನ್ನ ಮುಖ ನೋಡಿ ಹಂಚಿನ ಕೆಳಗಿನ ಉರಿ ಸಣ್ಣ ಮಾಡಿದಳು. ಆಮೇಲಾಮೇಲೆ ಅವಳೂ ಅಂಗಡಿಗೆ ಹೋಗುವುದನ್ನು ಸ್ವಲ್ಪ ತಡ ಮಾಡಿ, ನಮ್ಮ ಬಾಜೂ ಕುಳಿತು ಒಂದು ರೊಟ್ಟಿ ತಿಂದು ಹೋಗುವುದನ್ನು ರೂಢಿ ಮಾಡಿಕೊಂಡಳು. ಹೀಗೆ ಎರಡು ಚಳಿಗಾಲ ದಾಟಿದವು. ಪಾಟಲಿ ಮಣಿಕಟ್ಟಿಗೆ ಇಳಿಯಿತು, ಮೊದಲಿನಷ್ಟು ಬಿಗಿಯಾಗಿ ಅಲ್ಲ.

ಅಷ್ಟರಲ್ಲಿ ಮೂಡಲಗಿಯಲ್ಲಿ ನನ್ನ ತಂಗಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವಳ ಹತ್ತಿರ ಇರಲು ಯಾರಾದರೂ ಬೇಕಿತ್ತು. ನಾನು ಹೋಗುವುದನ್ನು ಎರಡು ಸಲ ಮುಂದೂಡಿದೆ. ಅಕ್ಕನೇ ಬೈದಳು. ಹೋದೆ. ಅಲ್ಲಿಂದ ದಿನಾ ಹೊತ್ತು ಮುಳುಗುವ ಸಮಯಕ್ಕೆ ಫೋನ್ ಮಾಡುತ್ತಿದ್ದೆ. "ಉಂಡೇನಿ" ಎನ್ನುತ್ತಿದ್ದಳು. ಫೋನಿನಲ್ಲಿ ತಾಟು ಕಾಣುವುದಿಲ್ಲ. ಹಿಂದಿನಿಂದ ಸೊಸೆ "ಖರೆ ಉಂಡಾರ್ರಿ, ನಾನೂ ಕುಂತಿದ್ದೆ" ಎಂದು ಕೂಗುತ್ತಿದ್ದಳು. ಆದರೂ ನಂಬಲು ಹೆದರಿಕೆ.

ಒಂದು ಬೆಳಿಗ್ಗೆ ಸೊಸೆಯ ಫೋನ್ ಬಂತು. ಅಕ್ಕ ನಸುಕಿನಲ್ಲಿ, ನಿದ್ದೆಯಲ್ಲೇ ಹೋಗಿದ್ದಳು. ಕಲ್ಲೋಳಿಯ ಹತ್ತಿರ ಬಸ್ಸು ಕೆಟ್ಟು ನಿಂತು, ನಾನು ಗೋಕಾಕ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರೋ ನೀರು ಕೊಟ್ಟರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ನಿನ್ನಿ ಸಂಜಿಕ ಉಂಡಿದ್ಲೇನವಾ?"

ಸೊಸೆ ನನ್ನ ಕೈ ಹಿಡಿದಳು. "ಉಂಡಿದ್ರ್ರಿ. ಒಂದೂವರಿ ರೊಟ್ಟಿ. ಉಳಿದರ್ಧ ನನಗ ಕೊಟ್ರ್ರಿ."

ಈಗ ಸಂಜೆ ಅವಳೇ ತಾಟು ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಅಕ್ಕೋರ ನಿಯಮ ಮುರಿಬಾರದು ಅಂತ ಅತ್ತಿ ಹೇಳ್ಯಾರ್ರಿ ಎನ್ನುತ್ತಾಳೆ. ಅಂಗಡಿಯಲ್ಲಿ ಗಿರಾಕಿ ಹೆಚ್ಚಿದ್ದ ದಿನ ತಡವಾಗುತ್ತದೆ. ನಾನು ಬಡಿಸಿಕೊಂಡು ಕಾಯುತ್ತೇನೆ. ಬಿಸಿಲು ಗೋಡೆಯ ಮೇಲೆ ಏರುತ್ತ ಹೋಗುತ್ತದೆ. ಬರುತ್ತಾಳೋ ಇಲ್ಲವೋ. ಇವತ್ತು ಬರದಿದ್ದರೆ ನಾಳೆಯೂ ಬರದಿದ್ದರೆ ಎಂದು ಲೆಕ್ಕ ಹಾಕುತ್ತ, ಬಾಗಿಲ ಕಡೆಗೆ ಕಿವಿಗೊಟ್ಟು ಕುಳಿತಿರುತ್ತೇನೆ. ಇಲ್ಲಿಯವರೆಗೆ ಬಂದಿದ್ದಾಳೆ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ನಾನು ಮೂಡಲಗಿಗೆ ಹೊರಟ ಸಂಜೆ. ತಂಗಿಯ ಮಗ ಕಾರು ತಂದು ಓಣಿಯ ಬಾಯಲ್ಲಿ ನಿಲ್ಲಿಸಿದ್ದ. ಅಕ್ಕ ಬಿಳಿಯ ಬಟ್ಟೆಯಲ್ಲಿ ರೊಟ್ಟಿ ಸುತ್ತಿ, ಶೇಂಗಾ ಹಿಂಡಿ ಚಟ್ನಿಯ ಸಣ್ಣ ಡಬ್ಬಿ ಮೇಲಿಟ್ಟು ನನ್ನ ಕೈಗೆ ಕೊಟ್ಟಳು. ಇನ್ನೂ ಬಿಸಿಯಿತ್ತು. ನಾನು, ದಿನಾ ಫೋನ್ ಮಾಡ್ತೇನ್ರಿ, ಉಣ್ರಿ, ಬಿಡಬ್ಯಾಡ್ರಿ ಎಂದು ಹೇಳಿದ್ದನ್ನೇ ಹೇಳುತ್ತಿದ್ದೆ.

"ನನ್ನ ಚಿಂತಿ ಬಿಡು" ಎಂದಳು. ಬೆಲ್ಲದ ಆ ಸಂಜೆ ಬಿಟ್ಟರೆ, ರಿ ಇಲ್ಲದೆ ನನ್ನೊಡನೆ ಮಾತಾಡಿದ್ದು ಇದೇ ಎರಡನೆಯ ಸಲ. "ನಿನ್ನ ನಿಯಮ ನೋಡಿಕೊ. ತಂಗಿ ಮಂಚದ ಮ್ಯಾಲ ಇದ್ರ ಮಂಚದ ಬಾಜೂ ಕುಂಡ್ರು. ಆಕಿ ಎಷ್ಟ ಉಣ್ತಾಳೋ ಅಷ್ಟ ಉಣ್ಣು."

ಒಳಗಿನಿಂದ ಸೊಸೆ ಕರೆದಳು. "ಅತ್ತೀ, ಬರ್ರಿ, ಹೊತ್ತು ಮುಳುಗಾಕತ್ತೈತಿ."

"ಬಂದ್ನಿ. ತಾಟ ಹಾಕು" ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಹೊಸ್ತಿಲು ದಾಟಿ ಒಳಗೆ ಹೋದಳು.